ಅಟ್ಟದ ಕಾಯಿಯ ಪ್ರಶ್ನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಹೊನ್ನವಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಎಷ್ಟೋ ವರ್ಷದಿಂದ ಗಣಿತ ಹೇಳಿಕೊಡ್ತಿದ್ದೀನಿ, ಕೋಪ ಮಾತ್ರ ಕಮ್ಮಿಯಾಗಿಲ್ಲ. ಅದರಿಂದ ಆದ ಒಂದು ಎಡವಟ್ಟನ್ನ ಇಲ್ಲಿ ಬರೀತೀನಿ.

ಎಂಟನೇ ಕ್ಲಾಸಿನವರಿಗೆ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇರುತ್ತೆ. ಎಂಟರಲ್ಲಿದ್ದಾಗಲೇ ಬರೀಬೇಕು, ಆಮೇಲೆ ಅವಕಾಶ ಇಲ್ಲ. ಅದರಲ್ಲಿ ಬರೋ ತರ್ಕದ ಪ್ರಶ್ನೆ ಕಂಡರೆ ನಮ್ಮ ಮಕ್ಕಳು ಪೆನ್ನು ಕೆಳಗಿಡೋರು. ಪುಸ್ತಕದ ಉದಾಹರಣೆ ಬೇಡ, ಊರಿನದೇ ಕೊಡೋಣ ಅಂತ ನಾನೇ ಒಂದು ಟೆಸ್ಟ್ ತಯಾರಿಸಿದೆ. ಮೊದಲನೇ ಪ್ರಶ್ನೆ ಹೀಗಿತ್ತು: ಎಲ್ಲ ತೆಂಗಿನಕಾಯಿಗಳಲ್ಲೂ ನೀರಿರುತ್ತದೆ. ನನ್ನ ಕೈಯಲ್ಲಿರುವುದು ತೆಂಗಿನಕಾಯಿ. ಹಾಗಾದರೆ ಏನು ಹೇಳಬಹುದು?

"ಇದರಲ್ಲೂ ನೀರಿದೆ" ಅಂತ ಬರೆದರೆ ಮುಗೀತು. ಕಿಟಕಿ ಪಕ್ಕ ಕೂರೋ ಒಬ್ಬ ಹುಡುಗಿ ಬರೆದಿದ್ದಳು: "ಮರದಿಂದ ಇಳಿಸಿದ್ದಾ, ಅಟ್ಟದಿಂದ ತಂದಿದ್ದಾ ಹೇಳಿಲ್ಲ. ಹೇಳದೆ ಗೊತ್ತಾಗಲ್ಲ."

ನನಗೆ ರೇಗಿಹೋಯ್ತು. ಸೊನ್ನೆ ಹಾಕಿದೆ. ಅಷ್ಟಕ್ಕೇ ಬಿಡದೆ ಅದನ್ನ ಕ್ಲಾಸಿಗೆಲ್ಲ ಓದಿ ಹೇಳಿ, "ಪ್ರಶ್ನೆಗೇ ಪ್ರಶ್ನೆ ಹಾಕ್ತೀಯೇನಮ್ಮಾ? ಬಾ, ನೀನೇ ಪಾಠ ಮಾಡು" ಅಂದೆ. ಎಲ್ಲರೂ ಹೋ ಅಂತ ನಕ್ಕರು. ಅವತ್ತಿನಿಂದ ಆ ಹುಡುಗಿ ಬಾಯಿ ಬಿಡಲಿಲ್ಲ. ಹೆಸರು ಕೂಗಿದರೆ ಎದ್ದು ನಿಲ್ಲೋಳು, "ಗೊತ್ತಿಲ್ಲ ಮಿಸ್" ಅನ್ನೋಳು, ಕೂರೋಳು.

ಮನೆಗೆ ಬಂದು ಅಮ್ಮನಿಗೆ ಇದನ್ನ ತಮಾಷೆಯಾಗಿ ಹೇಳಿದೆ. ಅಮ್ಮ ನಗಲಿಲ್ಲ. "ಅಟ್ಟಕ್ಕಾಕಿ ವರ್ಷ ಆದ್ಮೇಲೆ ಕಾಯಲ್ಲಿ ಎಲ್ಲೇ ಇರ್ತದೆ ನೀರು? ಒಣಗಿ ಕೊಬ್ಬರಿ ಆಗಿರ್ತದೆ. ಆ ಮಗೀಗೆ ಗೊತ್ತಿರೋದು ನಿಂಗೆ ಗೊತ್ತಿಲ್ವಲ್ಲೇ, ಥೂ ನಿನ್ನ!" ಅಂದಳು. ತಿಪಟೂರು ಸೀಮೆಯಲ್ಲೇ ಹುಟ್ಟಿ, ಅಟ್ಟದ ತುಂಬ ಕಾಯಿದ್ದ ಮನೆಯಲ್ಲಿ ಬೆಳೆದ ನನಗೆ ತಲೆ ಎತ್ತೋಕಾಗಲಿಲ್ಲ. ಇಡೀ ಕ್ಲಾಸಲ್ಲಿ ನಿಜವಾಗಿ ಯೋಚನೆ ಮಾಡಿದ್ದವಳು ಅವಳೊಬ್ಬಳೇ. ಅವಳ ಬಾಯನ್ನೇ ನಾನು ಮುಚ್ಚಿಸಿದ್ದೆ.

ಹಾಗಂತ ಮಾರನೇ ದಿನ ಹೋಗಿ ತಪ್ಪಾಯ್ತು ಅಂದೆನಾ? ಇಲ್ಲ. ಟೀಚರಮ್ಮನ ಬಿಗುಮಾನ! ಅದರ ಬದಲು ಹಳೇ ಲಗ್ನಪತ್ರಿಕೆಗಳನ್ನ ಕತ್ತರಿಸಿ, ಖಾಲಿ ಕಡೆಗಳು ಹೊರಗೆ ಬರೋ ಹಾಗೆ ಜೋಡಿಸಿ ಅಂಟಿಸಿ, ತರ್ಕದ ಪ್ರಶ್ನೆಗಳ ಕಾರ್ಡು ಮಾಡೋಕೆ ಕೂತೆ. ಮೊದಲ ಸಲ ಹಿಂಭಾಗದಲ್ಲಿ ಉತ್ತರ ಬರೆದೆ. ಮಕ್ಕಳು ಪ್ರಶ್ನೆ ಓದೋಕೆ ಮುಂಚೆಯೇ ತಿರುಗಿಸಿ ನೋಡಿ "ನಂದು ಸರಿ, ನಂದು ಸರಿ" ಅಂತ ಕೂಗಿದರು. ದಂಡ.

ಎರಡನೇ ಸಲ ಉತ್ತರ ಬರೆಯೋಕೇ ಹೋಗಲಿಲ್ಲ. ಮುಂದುಗಡೆ ಒಂದು ಮಾತು, ಅದರ ಕೆಳಗೆ "ಒಪ್ತೀಯಾ? ಯಾಕೆ?" ಹಿಂದುಗಡೆ "ಸರಿ, ಒಪ್ಪಿದೆ ಅಂತಿಟ್ಕೋ. ಆಗ?" ಇಬ್ಬಿಬ್ಬರು ಕೂತು ಆಡಬೇಕು. ನಮ್ಮ ಮಕ್ಕಳಿಗೆ ಬುದ್ಧಿ ಕಮ್ಮಿ ಇರಲಿಲ್ಲ. ಕಣ್ಣಾರೆ ಕಂಡಿದ್ದನ್ನ ಬಿಟ್ಟು ಸುಳ್ಳು ಮಾತನ್ನ ಒಪ್ಪಿಕೋ ಅಂದರೆ ಮನಸ್ಸು ಅಲ್ಲೇ ನಿಂತುಬಿಡೋದು. ಒಪ್ಪಲ್ಲ ಅಂತ ಒಂದು ಸಲ ಬಾಯಿ ತುಂಬ ಹೇಳೋಕೆ ಬಿಟ್ಟರೆ ಮುಂದಿನದು ಸಲೀಸು. "ಎಲ್ಲ ಕುರಿಗಳೂ ಬಿಳಿ" ಅನ್ನೋ ಕಾರ್ಡಿಗೆ "ಲೇ, ನಮ್ಮ ಹಟ್ಟಿಗೆ ಬಾರ್ಲಾ, ಕರೀವು ತೋರುಸ್ತೀನಿ!" ಅಂತ ರಂಪ ಎದ್ದಿತು. ರಂಪ ಮುಗಿದ ಮೇಲೆ ಅವರೇ ಕಾರ್ಡು ತಿರುಗಿಸಿ, "ಹಂಗಾದ್ರೆ ನಮ್ಮ ಹಟ್ಟೀವೂ ಬಿಳೀವೇ" ಅಂತ ಮುಂದಿನದನ್ನ ಚಕಚಕ ಹೇಳಿದರು. ನನಗೆ ಕುಣಿಯೋ ಅಷ್ಟು ಖುಷಿ.

ಆ ಹುಡುಗಿ ಮಾತ್ರ ಕಾರ್ಡನ್ನ ತಿರುಗಿಸಿ ತಿರುಗಿಸಿ ನೋಡೋಳು. ತುಟಿ ಅಲ್ಲಾಡೋದು, ದನಿ ಬರ್ತಿರಲಿಲ್ಲ. ನಾನು ನೋಡದವಳ ಹಾಗೆ ಮುಂದಿನ ಬೆಂಚಿಗೆ ಹೋಗ್ತಿದ್ದೆ.

ಪರೀಕ್ಷೆಗೆ ಹೆಸರು ಕಳಿಸೋ ದಿನ ಬಂತು. ಪಟ್ಟಿ ಓದಿದೆ. ಅದರಲ್ಲಿ ಅವಳ ಹೆಸರಿರಲಿಲ್ಲ. ಫೇಲಾದರೆ ಇನ್ನೂ ಕುಗ್ಗಿಹೋಗ್ತಾಳೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಿಟ್ಟಿದ್ದೆ. ಅವಳ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಮ್ಮ. ಬಾಯಿಬಿಟ್ಟು ಮಾತಾಡದೇ ಇರೋರಿಗೆ ಈ ತರ್ಕ ಎಲ್ಲ ಹತ್ತಲ್ಲ. ನೀನು ಮಾತೇ ಆಡಲ್ಲ, ಏನ್ಮಾಡೋಕಾಗುತ್ತೆ?" ಅಂದೆ.

ಅವಳು ಎದ್ದು ನಿಂತಳು. ಬೆಂಚಿನ ಅಂಚನ್ನ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಒಪ್ಪಲ್ಲ ಮಿಸ್" ಅಂದಳು. "ಮಾತಾಡದೇ ಇರೋರೂ ಒಳಗೇ ಯೋಚ್ನೆ ಮಾಡ್ತಾರೆ."

ಯಾರೂ ನಗಲಿಲ್ಲ. ಅವಳು ಕಾರ್ಡು ತಿರುಗಿಸೋ ಹಾಗೆ ಅಂಗೈ ಮಗುಚಿದಳು.

"ಸರಿ, ಒಪ್ಪಿದೆ ಅಂತಾನೇ ಇಟ್ಕಳಿ. ನಾನೀಗ ಮಾತಾಡ್ತಿದೀನಲ್ಲ ಮಿಸ್."

"ತಪ್ಪು ನಂದು ಕಣಮ್ಮ. ಅವತ್ತೂ ನಂದೇ" ಅಂದೆ, ಇಡೀ ಕ್ಲಾಸಿನ ಎದುರಿಗೆ, ಪಟ್ಟಿಗೆ ಅವಳ ಹೆಸರು ಬರೀತಾ.