ಅಜ್ಜಿ ನಶ್ಯ ಬಿಟ್ಟದ್ದು

ಪೆನ್ಸಿಲ್ ಬಾಕ್ಸಿನಲ್ಲಿ ಪೆನ್ಸಿಲ್‌ಗಿಂತ ಹುಣಸೆಬೀಜಗಳೇ ಹೆಚ್ಚಿರುತ್ತಿದ್ದ ಆ ಕಾಲದಲ್ಲಿ, ಬೆಳುವಾಯಿಯ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ರಾತ್ರಿಯೂಟ ಮುಗಿಯುತ್ತಿತ್ತು. ನಾವು ಜೈನರು. ಅಪ್ಪ ಅಮ್ಮ ಸ್ವಲ್ಪ ಆಚೀಚೆ ಮಾಡಿದರೂ ಅಜ್ಜಿ ಮಾತ್ರ ಕತ್ತಲಾದ ಮೇಲೆ ಒಂದು ತೊಟ್ಟು ನೀರನ್ನೂ ಮುಟ್ಟುವವರಲ್ಲ. ಐದೂವರೆಗೆ ಗಂಜಿ, ಮಿಡಿ ಉಪ್ಪಿನಕಾಯಿ ಮುಗಿಸಿ ಬಾಯಿ ಮುಕ್ಕಳಿಸಿ, ಹಿತ್ತಿಲ ಕಡೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಸೊಂಟದಿಂದ ಒಂದು ಪುಟ್ಟ ಹಿತ್ತಾಳೆ ಡಬ್ಬಿ ತೆಗೆಯುತ್ತಿದ್ದರು. ಅದರಲ್ಲಿ ನಶ್ಯ. ಒಂದು ಚಿಟಿಕೆ ಎಡಕ್ಕೆ, ಒಂದು ಚಿಟಿಕೆ ಬಲಕ್ಕೆ. ವ್ರತದವರಿಗೆ ಇದು ಆಗುತ್ತದೋ ಎಂದು ಅಪ್ಪ ಕೆಣಕಿದರೆ, "ಬಾಯಿಗೆ ಹಾಕಿದ್ದಲ್ಲವಲ್ಲ" ಎನ್ನುತ್ತಿದ್ದರು. ಮೂಗಿನ ವಿಷಯದಲ್ಲಿ ಶಾಸ್ತ್ರ ಏನೂ ಹೇಳಿಲ್ಲವೆಂಬುದು ಅವರ ವಾದ.

ಈ ನಶ್ಯದ ಸಂಗತಿ ಮನೆಯ ಹೊಸ್ತಿಲು ದಾಟಿರಲಿಲ್ಲ. ಬಸದಿಯಲ್ಲಿ ಯಾವ ನೋಂಪಿಯ ವ್ರತ ಹೇಗೆ ಮಾಡಬೇಕೆಂದು ಊರ ಹೆಂಗಸರು ಕೇಳುತ್ತಿದ್ದುದು ನಮ್ಮ ಅಜ್ಜಿಯನ್ನು. ಅಂಥವರ ಮೂಗಿನಲ್ಲಿ ಹೊಗೆಸೊಪ್ಪಿನ ಪುಡಿ ಎಂದರೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ಶನಿವಾರ ಮಧ್ಯಾಹ್ನ ಮೂಡಬಿದಿರೆಯ ಪೇಟೆಯಿಂದ ಬಾಳೆಪಟ್ಟೆಯಲ್ಲಿ ಕಟ್ಟಿದ ನಶ್ಯ ತರುವ ಕೆಲಸ ನನ್ನದು. ಮಕ್ಕಳ ಕೈಗೆ ತಂಬಾಕು ಕೊಡಬಾರದೆಂಬ ಕಾನೂನು ಆ ಅಂಗಡಿಯವನ ತನಕ ಇನ್ನೂ ಬಂದಿರಲಿಲ್ಲ. ಯಾರಿಗೆ ಎಂದು ಕೇಳಿದರೆ ಸುಮ್ಮನಿರಬೇಕು, ಸುಳ್ಳು ಹೇಳಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಅವರು ಸುಳ್ಳಾಡಿದ್ದನ್ನು ಊರಲ್ಲಿ ಯಾರೂ ಕೇಳಿದವರಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಶಾಲೆಯಲ್ಲಿ ಮಾದಕ ವಸ್ತು ವಿರೋಧಿ ಪ್ರದರ್ಶನ ಮಾಡುವುದೆಂದಾಯಿತು. ನಶೆ ಮಾಡುವವರು ಬಳಸುವ ಸಲಕರಣೆಗಳನ್ನೆಲ್ಲ ಮೇಜಿನ ಮೇಲಿಟ್ಟು, ಪ್ರತಿಯೊಂದಕ್ಕೂ ಚೀಟಿ ಬರೆಯಬೇಕು ಎಂದರು ಡ್ರಾಯಿಂಗ್ ಮಾಸ್ಟ್ರು. ಅಸಲಿ ಸಾಮಾನು ತಂದು, ಅದನ್ನು ಬಳಸುತ್ತಿದ್ದ ಮನೆಯವರು ಈಗ ಬಿಟ್ಟಿದ್ದಾರೆ ಎಂದು ಹೇಳಬಲ್ಲ ಮಕ್ಕಳಿಗೆ ವೇದಿಕೆಯಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕುರ್ಚಿ. ಆ ಕುರ್ಚಿ ನನ್ನ ತಲೆಯೊಳಗೆ ಹೊಕ್ಕಿತು.

ಮೊದಲ ನಾಲ್ಕು ದಿನ ಗೆಳತಿ ಪುಷ್ಪಾಳೂ ನಾನೂ ಗುಡುಗುಡಿ ತಯಾರಿಸಿದೆವು. ತೆಂಗಿನ ಚಿಪ್ಪಿಗೆ ಎರಡು ತೂತು, ಒಂದಕ್ಕೆ ಪಪ್ಪಾಯಿ ಎಲೆಯ ದಂಟು, ಇನ್ನೊಂದರ ಮೇಲೆ ಮಣ್ಣಿನ ಬಟ್ಟಲು. ಹಳೆಯ ಗುಡುಗುಡಿಗಳೂ ಚಿಪ್ಪಿನವೇ ಆಗಿದ್ದವು, ರಾಜರ ಮನೆ ಸೇರಿದ ಮೇಲೆ ಬೆಳ್ಳಿಯವಾದವು ಎಂದು ಮಾಸ್ಟ್ರು ಹೇಳಿದ್ದರು. ನೀರು ತುಂಬಿಸಿ, ಬಟ್ಟಲಲ್ಲಿ ಸಾಂಬ್ರಾಣಿ ಹೊತ್ತಿಸಿ ಎಳೆದು ನೋಡಿದೆವು. ಗುಡುಗುಡು ಎಂದಿತು, ಮತ್ತೆ ಒಂದು ಗಂಟೆ ನಾವಿಬ್ಬರೂ ಕೆಮ್ಮಿದೆವು. ಗಾಂಜಾ ಸೇದುವ ಚಿಲುಮೆಯನ್ನು ಕುಂಬಾರರಿಂದ ಮಾಡಿಸಿದ್ದು. ಅವರು ಜನ್ಮದಲ್ಲಿ ಚಿಲುಮೆ ಮಾಡಿದವರಲ್ಲ, ಹಾಗಾಗಿ ಅದು ಹೂದಾನಿಯ ಹಾಗೆ ಬಂದಿತ್ತು. ಅದಕ್ಕೂ ಒಮ್ಮೆ ಸಾಂಬ್ರಾಣಿ ಹಾಕಿ ಪರೀಕ್ಷೆ ಮಾಡಿದೆವು.

ಪ್ರದರ್ಶನದ ದಿನ ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದಾಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಶಾಲೆಯಲ್ಲಿ ಚಂದದ ಅಕ್ಷರದಲ್ಲಿ ಚೀಟಿ ಬರೆದೆ: "ನಶ್ಯದ ಡಬ್ಬಿ. ಹಡಗಿನಲ್ಲಿ ಬಂದ ಪರದೇಶಿಗಳಿಂದ ನಾವು ಕಲಿತ ಚಟ. ಬಳಸುತ್ತಿದ್ದವರು ನನ್ನ ಅಜ್ಜಿ. ಈಗ ಬಿಟ್ಟಿದ್ದಾರೆ." ಕೊನೆಯ ಎರಡು ಪದವನ್ನೂ ಉಳಿದವುಗಳಷ್ಟೇ ದುಂಡಗೆ ಬರೆದೆ ಎಂಬುದನ್ನು ಇಂದು ನಾಚಿಕೆಯಿಂದ ಒಪ್ಪುತ್ತೇನೆ. ಅಜ್ಜಿ ಶಾಲೆಯ ಕಡೆ ಬರುವವರಲ್ಲ ಎಂಬ ಧೈರ್ಯ.

ಅಂದು ಅವರು ಬಂದಿದ್ದರು. ಮೊಮ್ಮಗಳಿಗೆ ವೇದಿಕೆಯಲ್ಲಿ ಕುರ್ಚಿ ಉಂಟಂತೆ ಎಂದು ಪುಷ್ಪಾಳ ತಾಯಿ ಹೇಳಿ ಕರೆತಂದಿದ್ದರು. ಮುಂದಿನ ಸಾಲಿನಲ್ಲಿ, ಬಸದಿಯ ಹೆಂಗಸರ ನಡುವೆ, ಬೆಳಿಗ್ಗೆಯಿಂದ ಡಬ್ಬಿ ಹುಡುಕಿ ಸೋತ ಮುಖ ಹೊತ್ತು ಕುಳಿತಿದ್ದರು.

ಇನ್‌ಸ್ಪೆಕ್ಟರ್ ಮೇಜಿನ ಹತ್ತಿರ ಹೋಗಿ ಚಿಲುಮೆ ಎತ್ತಿ ಮೂಸಿದರು. ಖಾಲಿ ಮಣ್ಣಿಗೆ ಕೇಸಿಲ್ಲ, ಅದರೊಳಗೆ ಏನು ಉರಿದಿದೆ ಎಂಬುದರ ಮೇಲೆ ಕೇಸು ಎಂದು ಮೈಕಿನಲ್ಲಿ ವಿವರಿಸಿದರು. ಇದರಲ್ಲಿ ದೇವರ ಕೋಣೆ ಉರಿದ ಹಾಗೆ ಕಾಣುತ್ತದೆ ಎಂದಾಗ ಎಲ್ಲರೂ ನಕ್ಕರು. ಆಮೇಲೆ ನನ್ನ ಚೀಟಿ ತೆಗೆದು ಅದೇ ಮೈಕಿನಲ್ಲಿ ಓದಿದರು. ಬಸದಿಯ ಹೆಂಗಸರ ತಲೆಗಳೆಲ್ಲ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದವು. ಇನ್‌ಸ್ಪೆಕ್ಟರ್ ಕೈ ಮುಗಿದು, "ಹೌದಾ ಅಮ್ಮ? ಬಿಟ್ಟಿದ್ದೀರಾ?" ಎಂದು ಕೇಳಿದರು.

ನನಗೆ ಕುರ್ಚಿಯೊಳಗೆ ಇಳಿದುಹೋಗಬೇಕೆನಿಸಿತು. ಇಲ್ಲ ಎಂದರೆ ಇಡೀ ಶಾಲೆಯೆದುರು ನಾನು ಸುಳ್ಳುಗಾತಿ. ಹೌದು ಎಂದರೆ ಅಜ್ಜಿಯ ಅಷ್ಟು ವರ್ಷಗಳ ಸತ್ಯ ನೀರಿಗೆ ಹೋಯಿತು. ಅವರು ನನ್ನನ್ನೇ ನೋಡಿದರು.

"ಬಿಟ್ಟಿದ್ದೇನೆ" ಎಂದರು.

"ಯಾವಾಗಿಂದ?"

"ಇವತ್ತಿನಿಂದ."

ತಮಾಷೆಯೆಂದು ತಿಳಿದು ಜನ ನಕ್ಕು ಚಪ್ಪಾಳೆ ತಟ್ಟಿದರು. ತಮಾಷೆಯಲ್ಲವೆಂದು ನನಗೊಬ್ಬಳಿಗೆ ಗೊತ್ತಿತ್ತು. ಅಜ್ಜಿಯ ಬಾಯಿಂದ ಬಂದ ಮೇಲೆ ಅದು ವ್ರತ.

ಮನೆಯ ದಾರಿಯಲ್ಲಿ ಅವರು ಬೈಯಲಿಲ್ಲ. ಗದ್ದೆಯ ಬದುವಿನಲ್ಲಿ ಮುಂದೆ ನಡೆಯುತ್ತಾ, ತಿರುಗಿ ನೋಡದೆ ಹೇಳಿದರು: "ಇನ್ನೊಮ್ಮೆ ಸುಳ್ಳು ಬರೆಯುವುದಿದ್ರೆ ಸಣ್ಣದು ಬರಿ ಮಗಾ. ಈ ಪ್ರಾಯದಲ್ಲಿ ಇಷ್ಟು ದೊಡ್ಡದನ್ನು ಹೊರ್ಲಿಕ್ಕೆ ನನ್ನಿಂದ ಆಗುವುದಿಲ್ಲ." ನಾನು ಅತ್ತುಬಿಟ್ಟೆ.

ಮುಂದಿನ ಹದಿನೈದು ದಿನ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಅಜ್ಜಿಗೆ ತಲೆನೋವು, ನಿದ್ದೆಯಿಲ್ಲ, ಎಲ್ಲರ ಮೇಲೂ ಸಿಡುಕು, ಅಂಗಳದ ಕಾಗೆಗೂ ಬೈಗುಳ. ಕಾಫಿಪುಡಿಯ ಡಬ್ಬ ಮೂಸುವರು, ಹುರಿದ ಜೀರಿಗೆ ಮೂಸುವರು. ಒಮ್ಮೆ ನನ್ನ ಜ್ಯಾಮಿತಿ ಪೆಟ್ಟಿಗೆಯ ರಬ್ಬರನ್ನೂ ಮೂಸಿ ವಾಪಸಿಟ್ಟರು. ನೋಡಲಾರದೆ ಒಂದು ಶನಿವಾರ ನಾನೇ ಒಂದು ಕಟ್ಟು ನಶ್ಯ ತಂದು ಅವರ ಮಡಿಲಲ್ಲಿಟ್ಟೆ. ಕಟ್ಟನ್ನು ದೂರ ಹಿಡಿದು ಕಣ್ಣು ಮುಚ್ಚಿದರು. ತುಪ್ಪ, ಸುಣ್ಣ, ಹೊಗೆಸೊಪ್ಪು ಕೂಡಿದ ಆ ಘಾಟು ನನಗೂ ಬಡಿಯಿತು. ಆಮೇಲೆ ನನ್ನ ಕೈಗೇ ಕೊಟ್ಟರು. ಬಸಳೆ ಬುಡಕ್ಕೆ ಹಾಕಲೇ ಎಂದರೆ, ಹುಳಗಳು ಸಾಯುತ್ತವೆ, ಬೇಡ ಎಂದರು. ಅಂಗಡಿಗೇ ವಾಪಸ್ ಹೋಯಿತು.

ಮರ್ಯಾದೆಗೆ ಏನೂ ಆಗಲಿಲ್ಲ. ಬಸದಿಯ ಇಬ್ಬರು ಹಿರಿಯ ಹೆಂಗಸರು ಹಿತ್ತಿಲ ಬಾಗಿಲಿಂದ ಬಂದು, ತಮ್ಮದೂ ಹೀಗೇ ಉಂಟು, ಬಿಡುವುದು ಹೇಗೆ ಎಂದು ಗುಟ್ಟಾಗಿ ಕೇಳಿ ಹೋದರು. ಅಜ್ಜಿ ಅವರಿಗೆ ಜೀರಿಗೆ ಹುರಿದು ಕೊಟ್ಟು ಕಳಿಸಿದರು. ಮತ್ತೆ ಬದುಕಿದಷ್ಟು ವರ್ಷವೂ ಅವರು ನಶ್ಯ ಮುಟ್ಟಲಿಲ್ಲ.

ಈಗ ನಾನೇ ಹೈಸ್ಕೂಲು ಟೀಚರು. ಇಂಥ ಕಾರ್ಯಕ್ರಮಗಳಲ್ಲಿ ಪೊಲೀಸರು ತೋರಿಸುವ ಸಲಕರಣೆಗಳು ಪೆನ್ನಿನಂತೆ, ಪೆನ್‌ಡ್ರೈವಿನಂತೆ ಇರುತ್ತವೆ. ಯಾವುದು ಯಾವುದೆಂದು ನನಗೆ ಮಕ್ಕಳೇ ಹೇಳಿಕೊಡಬೇಕು. ಜಗಲಿಯಲ್ಲಿ ಕಾಲು ಚಾಚಿ ಕೂರುವವರೂ ಇಲ್ಲ, ಬಾಯಿಂದ ಬಂದದ್ದನ್ನು ವ್ರತವೆಂದು ತಿಳಿಯುವವರೂ ಕಡಿಮೆ. ನಾನಂತೂ ದೊಡ್ಡವಳಾದ ಮೇಲೆ ಎಷ್ಟೋ ಸುಳ್ಳು ಹೇಳಿದ್ದೇನೆ, ಕೆಲವು ಸಲ ಸಿಕ್ಕಿಬಿದ್ದಿದ್ದೇನೆ. ಬೈದವರಿದ್ದಾರೆ, ಮುಚ್ಚಿಹಾಕಿದವರಿದ್ದಾರೆ, ಕ್ಷಮಿಸಿದವರೂ ಇದ್ದಾರೆ. ನನ್ನ ಸುಳ್ಳನ್ನು ತಾವು ಕಷ್ಟಪಟ್ಟು ನಿಜ ಮಾಡಿಕೊಟ್ಟವರು ಮಾತ್ರ ಅಜ್ಜಿಯ ನಂತರ ಒಬ್ಬರೂ ಸಿಗಲಿಲ್ಲ.