ಅಟ್ಟದ ಮೇಲಿದ್ದ ಗಾಳದ ಕೋಲು

ಗಾಳಿ ಸೋಕಿತು, ಏನೋ ಕಂಡಿತು, ಮೊದಲೇ ಸೂಚನೆ ಸಿಕ್ಕಿತ್ತು ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಂಬದಿರುವುದಷ್ಟೇ ಅಲ್ಲ, ಜಗಳಕ್ಕೂ ನಿಲ್ಲುತ್ತಿದ್ದೆ. ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅಂಥದ್ದನ್ನೇ ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ತುರುವೇಕೆರೆ ಹತ್ತಿರದ ನಮ್ಮ ಹಳ್ಳಿಯಿಂದ ಕೆರೆಯಾಚೆಯ ಊರಿನ ಶಾಲೆಗೆ ಹೋಗಿಬರುತ್ತಿದ್ದ ಮೇಷ್ಟ್ರು ನಾನು. ಪಾಠ ಬಿಟ್ಟರೆ ನನಗಿದ್ದ ಹುಚ್ಚು ಗಾಳ ಹಾಕುವುದು, ಅದರಲ್ಲೂ ಕೊರವ ಮೀನಿಗೆ. ಹಾವಿನಂಥ ತಲೆಯ ಈ ಮೀನು ಜೊಂಡಿನೊಳಗೆ ಅಡಗಿ ಕೂತು, ಕಪ್ಪೆ ಕಂಡರೆ ಒಂದೇ ಏಟಿಗೆ ಮೇಲೆ ಬೀಳುತ್ತದೆ. ಇದಕ್ಕೆ ಸಿಕ್ಕ ಸಿಕ್ಕ ಕೋಲು ಆಗುವುದಿಲ್ಲ. ಕಾಯಿ ಕೆಡವುವ ಹಳೆಯ ದೋಟಿಯ ತುದಿಯ ಬಿದಿರು, ಗೆಣ್ಣು ಹತ್ತಿರ ಹತ್ತಿರ ಇರುವಂಥದ್ದು ಬೇಕು. ಅದನ್ನು ಅಟ್ಟದಲ್ಲಿ ಕೊಬ್ಬರಿಗೆಂದು ಹರವಿದ ಕಾಯಿಗಳ ಜೊತೆ ಒಂದು ವರ್ಷ ಮಲಗಿಸಬೇಕು. ಒಲೆಯ ಹೊಗೆ ಕಾಯಿಯನ್ನು ಒಣಗಿಸಿದ ಹಾಗೆ ಬಿದಿರನ್ನೂ ಒಣಗಿಸುತ್ತದೆ. ಹುಳು ಹೊಡೆಯುವುದಿಲ್ಲ, ಕೈಗೆ ಹಗುರ. ನನ್ನ ಕೋಲು ತುದಿಯಿಂದ ಮೂರನೆಯ ಗೆಣ್ಣಿನವರೆಗೆ ಮಾತ್ರ ಬಾಗುತ್ತಿತ್ತು. ಅದರ ಕೆಳಗೆ, ಎಂಥ ಮೀನು ಎಳೆದರೂ ಸೆಟೆದು ನಿಲ್ಲುತ್ತಿತ್ತು. ಸುತ್ತಲಿನ ಊರುಗಳಲ್ಲಿ ಅಂಥ ಇನ್ನೊಂದು ಕೋಲನ್ನು ನಾನು ನೋಡಿಲ್ಲ.

ನೈಲಾನ್ ದಾರ ಆಗಷ್ಟೇ ನಮ್ಮ ಕಡೆಯ ಅಂಗಡಿಗಳಿಗೆ ಬಂದಿತ್ತು. ನಾನು ತೆಳುವಾದದ್ದನ್ನೇ ಆರಿಸುತ್ತಿದ್ದೆ. ಅದನ್ನು ಕೋಲಿನ ತುದಿಯ ತಂತಿ ಉಂಗುರದಲ್ಲಿ ಹಾಯಿಸಿ, ಉಳಿದ ದಾರವನ್ನು ಪಕ್ಕದಲ್ಲಿ ಸುರುಳಿ ಇಟ್ಟು, ಕೊನೆಗೆ ಸಿಪ್ಪೆ ಸುಲಿಯದ ಒಂದು ಒಣಗಾಯಿ ಕಟ್ಟುವುದು ನಮ್ಮ ಪದ್ಧತಿ. ಭಾರಿ ಮೀನು ಬಿದ್ದರೆ ದಾರ ಬಿಟ್ಟುಬಿಡುತ್ತೇವೆ. ಕಾಯಿ ನೀರಿಗಿಳಿದು ತೇಲುತ್ತದೆ. ಅದನ್ನು ಎಳೆದಾಡಿ ಮೀನು ತಾನೇ ಸುಸ್ತಾಗುತ್ತದೆ. ಮನುಷ್ಯ ದಡದಲ್ಲಿ ಕೂತಿದ್ದರಾಯಿತು.

ನನ್ನ ಅಕ್ಕನ ಗಂಡ ಹೊನ್ನಪ್ಪ ಭಾವನಿಗೆ ಈ ಪದ್ಧತಿಯ ಮೇಲೆ ಕೋಪ. ಹಿಂದಿನ ಸಲ ಅವನ ಕಾಯಿ ಜೊಂಡಿಗೆ ಸಿಕ್ಕಿ, ಮೀನು ತಪ್ಪಿಸಿಕೊಂಡಿತ್ತು. ಆ ಶುಕ್ರವಾರ ಸಂಜೆ ಹುಳಿಯಾರಿನಿಂದ ಅಕ್ಕನ ಜೊತೆ ಬಂದವನು ಚೀಲದಿಂದ ದಪ್ಪನೆಯ ದಾರದ ಉಂಡೆ ತೆಗೆದ.

"ಈ ಸಲ ಕಾಯಿಗೀಯಿ ಬ್ಯಾಡ ಕಣ್ಲಾ. ಮೀನು ಹಿಡಿಯಾಕೆ ಬಂದಿರೋನು ನಾನೋ ತೆಂಗಿನಕಾಯೋ? ದಾರ ಕೈಗೇ ಸುತ್ಕತೀನಿ."

"ಕೈಗೆ ಸುತ್ಕಂಡ್ರೆ ಬುಡಾಕಾಗಲ್ಲ ಭಾವ. ಕೆರೆ ತೂಬಿನ ಮುಂದೆ ಎರಡಾಳು ಗುಂಡಿ ಐತೆ, ತಳದಲ್ಲೆಲ್ಲ ಹೂಳು."

"ಎಮ್ಮೆ ಕಟ್ಟಿದ್ರೂ ಕಿತ್ಕಳಲ್ಲ ಈ ದಾರ. ನಿನ್ನ ಕೂದ್ಲಂಥ ದಾರ ನೀನೇ ಇಟ್ಕ ಮೇಷ್ಟ್ರೇ. ಕೋಲು ಕೊಡು ಸಾಕು."

"ಕೊಡಲ್ಲ."

"ಅಕ್ಕನ್ನೇ ಕೊಟ್ಟಿದೀರ, ಒಂದು ಬಿದಿರುಕೋಲು ಕೊಡಾಕಾಗಲ್ವಾ?"

ಅಕ್ಕ ನಕ್ಕಳು. ನಾನು ನಗಲಿಲ್ಲ. ಹೊಸ ಗಾಳ ಕಟ್ಟಿ, ದಾರ ಅಳೆದು (ಹನ್ನೊಂದು ಮಾರು), ಕೋಲಿಗೆ ಸುತ್ತಿ, ಅವನ ಕಣ್ಣೆದುರೇ ಅಟ್ಟಕ್ಕೆ ಹತ್ತಿಸಿ ಇಟ್ಟೆ. ಮೇಲೆ ಎರಡು ಕಾಯಿ ಹೇರಿದೆ. ಅವನು ಕೈಯಾಡಿಸಿದರೆ ಗೊತ್ತಾಗಲಿ ಎಂದು.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕೆರೆ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ. ತೂಬಿನ ಕಲ್ಲಿನ ಮೇಲೆ ಒಬ್ಬ ಕೂತಿದ್ದ. ನನಗೂ ಅವನಿಗೂ ನೂರು ಹೆಜ್ಜೆ ಅಂತರ. ತಲೆಗೆ ಟವೆಲ್, ಬೆನ್ನು ನನ್ನ ಕಡೆಗೆ, ಕೈಯಲ್ಲಿ ಕೋಲು. ನನ್ನ ಮೈ ಉರಿದುಹೋಯಿತು.

"ಭಾವಾ! ಕದ್ಕಂಡ್ ಬಂದ್ಯಾ? ನಾಚ್ಕೆ ಆಗಲ್ವಾ ನಿಂಗೆ?" ಎಂದು ಕೂಗಿದೆ. ಅವನು ತಿರುಗಲಿಲ್ಲ. ಇನ್ನೂ ಕೆಟ್ಟದಾಗಿ ಬೈದೆ. ಆ ಮಾತನ್ನು ಇಲ್ಲಿ ಬರೆಯಲಾರೆ.

ಅಷ್ಟರಲ್ಲಿ ಕೋಲು ಬಾಗಿತು. ತುದಿಯಿಂದ ಮೂರನೆಯ ಗೆಣ್ಣಿನವರೆಗೆ, ಅದರ ಕೆಳಗೆ ನೆಟ್ಟಗೆ. ಅವನು ಎದ್ದು ನಿಂತ. ಬಲಗೈ ಮಣಿಕಟ್ಟಿಗೆ ದಾರ ಸುತ್ತಿದ್ದದ್ದು ಬಿಸಿಲಿಗೆ ಮಿಂಚಿತು. ಒಂದೊಂದೇ ಹೆಜ್ಜೆ ಇಟ್ಟು ನೀರಿಗಿಳಿದ. ಮೊಣಕಾಲು, ಸೊಂಟ, ಕುತ್ತಿಗೆ. ಕೂಗಲಿಲ್ಲ, ಕೈಕಾಲು ಬಡಿಯಲಿಲ್ಲ. ಕೊನೆಗೆ ಕೋಲಿನ ತುದಿಯೂ ಮುಳುಗಿತು.

ಸೈಕಲ್ ಎಸೆದು ಓಡಿದೆ. ಕಲ್ಲು ಒಣಗಿತ್ತು, ಕಾದಿತ್ತು. ಅಂಚಿನ ಕೆಸರಿನಲ್ಲಿ ಎಮ್ಮೆಯ ಹಳೆಯ ಹೆಜ್ಜೆಗಳಿದ್ದವು, ಮನುಷ್ಯರದು ಒಂದೂ ಇಲ್ಲ. ನೀರಿನ ಮೇಲಿನ ಪಾಚಿ ಎಲ್ಲೂ ಒಡೆದಿರಲಿಲ್ಲ. ಆದರೂ ಕುತ್ತಿಗೆಯವರೆಗೆ ಇಳಿದು ಕಾಲಿನಿಂದ ತಡಕಿದೆ. ಅಕ್ಕನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. ಏನೂ ಸಿಗದೆ ಮನೆಗೆ ಓಡಿದೆ.

ಭಾವ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಅವನ ಪಕ್ಕ ಸಿಪ್ಪೆ ಸೊಂಟದೆತ್ತರಕ್ಕೆ ಬಿದ್ದಿತ್ತು. "ಏನ್ಲಾ ಮೇಷ್ಟ್ರೇ, ಪಂಚೆ ಸಮೇತ ಮಿಂದ್ಕಂಡ್ ಬಂದೆ? ಇಸ್ಕೂಲ್‌ನಾಗೆ ಈಜು ಹೇಳ್ಕೊಡ್ತೀಯಾ?" ಎಂದ. ಬೆಳಗಿನಿಂದ ಅವನು ಅಲ್ಲಿಂದ ಎದ್ದಿಲ್ಲವೆಂದು ಅಕ್ಕ ಹೇಳಿದಳು.

ಅಟ್ಟ ಹತ್ತಿದೆ. ಕೋಲು ಇಟ್ಟಲ್ಲೇ ಇತ್ತು. ಮೇಲಿನ ಎರಡು ಕಾಯಿಯೂ ಕದಲಿರಲಿಲ್ಲ. ಆದರೆ ಗಾಳ ಇರಲಿಲ್ಲ. ದಾರ ಬಿಚ್ಚಿ ಅಳೆದೆ. ಒಂಬತ್ತು ಮಾರು. ಮತ್ತೆ ಅಳೆದೆ. ಒಂಬತ್ತೇ. ಕತ್ತರಿಸಿದ ನೈಲಾನಿನ ತುದಿ ನೆಟ್ಟಗಿರುತ್ತದೆ. ಭಾರಕ್ಕೆ ಹಿಗ್ಗಿ ಕಿತ್ತುಹೋದದ್ದು ಸುಟ್ಟ ಕೂದಲಿನಂತೆ ಸುರುಟಿಕೊಳ್ಳುತ್ತದೆ. ಈ ತುದಿ ಸುರುಟಿತ್ತು. ದಾರ ಪೂರಾ ಒಣಗಿತ್ತು.

ನಾನು ಆಮೇಲೆ ಮಾಡಿದ್ದು ಇಷ್ಟು. ಕೋಲನ್ನು ಕೆಳಗೆ ತಂದು ಮಚ್ಚಿನಿಂದ ತುಂಡು ಮಾಡಿ ಬಚ್ಚಲ ಒಲೆಗೆ ಹಾಕಿದೆ. ಭಾವನ ಚೀಲಕ್ಕೆ ಕೈಹಾಕಿ ಅವನ ದಪ್ಪ ದಾರವನ್ನೂ ಅದೇ ಒಲೆಗೆ ಎಸೆದೆ.

"ನನ್ ಕೈಗೆ ಸಿಗಬಾರ್ದು ಅಂತ ಸುಟ್ಟೆ ಅಲ್ವೇನ್ಲಾ?" ಭಾವ ಬಚ್ಚಲ ಬಾಗಿಲಿಗೆ ಬಂದು ನಿಂತ. "ನನ್ ಚೀಲಕ್ಕೆ ಕೈ ಹಾಕಿದೆ! ನಾನೇನು ಕಳ್ಳನಾ? ಬಾರೇ, ಹೊರಡು. ಈ ಮನೇಲಿ ಇನ್ನು ನೀರೂ ಮುಟ್ಟಲ್ಲ."

ಕಂಡದ್ದನ್ನು ಹೇಳಿದ್ದರೆ, ನನ್ನನ್ನು ಹಂಗಿಸಲೆಂದೇ ಆ ಸಂಜೆ ತೂಬಿನ ಹತ್ತಿರ ಹೋಗಿ ಕೂರುತ್ತಿದ್ದ. ಅವನ ಸ್ವಭಾವ ನನಗೆ ಗೊತ್ತಿತ್ತು. ಜಿಪುಣ ಎಂದುಕೊಳ್ಳಲಿ ಎಂದು ಬಾಯಿ ಮುಚ್ಚಿಕೊಂಡೆ. ಅಕ್ಕ ಅಳುತ್ತಾ ಬಸ್ಸು ಹತ್ತಿದಳು. ನಾಲ್ಕು ವರ್ಷ ತವರಿಗೆ ಬರಲಿಲ್ಲ.

ಆಮೇಲೆ ಒಬ್ಬಿಬ್ಬರಿಗೆ ಹೇಳಿದೆ. ಬಿಸಿಲಿನ ಝಳ ಎಂದರು. ದಾರವನ್ನು ಇಲಿ ಕಡಿದಿದೆ ಎಂದರು. ಇಲಿ ಕಡಿದ ತುದಿ ಸುರುಟುವುದಿಲ್ಲ. ಗಾಳವನ್ನು ಇಲಿ ಒಯ್ಯುವುದಿಲ್ಲ. ಇನ್ನೊಬ್ಬರು, ಭಾವನ ಜೀವ ಉಳಿಸಿದೆ, ಸಂತೋಷಪಡು ಎಂದರು. ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಈ ಮಾತಿಗೆ. ಉಳಿಸಿದೆನೆಂದು ಯಾವ ಆಧಾರದ ಮೇಲೆ ಹೇಳಲಿ? ಭಾವ ಹುಳಿಯಾರಿನ ಕಡೆಯ ಕೆರೆಗಳಲ್ಲಿ ದಪ್ಪ ದಾರವನ್ನು ಕೈಗೆ ಸುತ್ತಿಕೊಂಡೇ ಗಾಳ ಹಾಕುತ್ತಿದ್ದ. ಹಿಡಿದ ಮೀನಿನ ಅಳತೆಯನ್ನು ನನಗೆ ಬೇಕೆಂದೇ ಹೇಳಿ ಕಳಿಸುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ಆಗದಿರಲಿ ಎಂದೇ ಬೇಡುತ್ತಿದ್ದೆ. ಆದರೆ ಪ್ರತಿ ಸಲ ಸುದ್ದಿ ಬಂದಾಗ, ಹಾಗಾದರೆ ಕೋಲು ಸುಟ್ಟದ್ದು ಯಾತಕ್ಕೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಕೊನೆಗೊಮ್ಮೆ ಅಕ್ಕ ಒಬ್ಬಳೇ ಬಂದಾಗ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ರಾಗಿ ಕೇರುತ್ತಾ ಪೂರ್ತಿ ಕೇಳಿದಳು.

"ಮುಖ ನೋಡಿದ್ಯಾ?"

"ಇಲ್ಲ. ಬೆನ್ನು."

"ಮತ್ತೆ ಅವ್ರೇ ಅಂತ ಹೆಂಗೆ ಗೊತ್ತಾಯ್ತು?"

"ಕೋಲು ಬಾಗಿದ್ದು ನೋಡಿ."

"ಕೋಲು ನಿಂದು ತಾನೇ ಕಣಪ್ಪ," ಎಂದು ಅಕ್ಕ ಮೊರ ಕೆಳಗಿಟ್ಟಳು.

ನೂರು ಹೆಜ್ಜೆ ದೂರದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಮುಖ ಕಾಣದ ಒಬ್ಬ ನೀರಿಗಿಳಿದದ್ದನ್ನು ನಾನು ಕಂಡೆ. ಅವನು ಭಾವನೇ ಎಂದು ಇಷ್ಟು ವರ್ಷ ಯಾರ ಮುಂದೆ ಬೇಕಾದರೂ ಆಣೆ ಮಾಡುತ್ತಿದ್ದೆ. ಆದರೆ ಆ ಕೋಲು ಹಿಡಿದು ಆ ಕಲ್ಲಿನ ಮೇಲೆ ಕೂರುತ್ತಿದ್ದವನು ನಾನೊಬ್ಬನೇ. ಅಕ್ಕನ ಮುಂದೆ ಆಣೆ ಮಾಡಲು ಬಾಯಿ ಬರಲಿಲ್ಲ.