ಸೇವಂತಿಯ ನಾಗಬನ

ಮುಂಬಯಿಯ ಸಯನ್‌ನ ಚಾಳಿನಲ್ಲಿದ್ದ ಸೇವಂತಿಗೆ ಹಾಲಿನವನ ಮೇಲೆ ಅನುಮಾನ, ಧೋಬಿಯ ಮೇಲೆ ಅನುಮಾನ, ನಗುನಗುತ್ತ ಮಾತಾಡಿಸುವವರ ಮೇಲಂತೂ ಇಮ್ಮಡಿ ಅನುಮಾನ. ಗಂಡ ಚೆನ್ನಯ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರೆ, ಈಕೆ ಪಾತ್ರೆ ತಿಕ್ಕುವ ನೆಪದಲ್ಲಿ ಚಾಳಿನ ಹಿಂದಿನ ಆಲದ ಮರವನ್ನು ಕಾಯುತ್ತಿದ್ದಳು. ಮಳೆ ಹಿಡಿದರೆ ಸಾಕು, ಉಪ್ಪಿನ ಗದ್ದೆಗಳ ಕಡೆಯಿಂದ ಬೆಳ್ಳಕ್ಕಿಗಳು ಬಂದು ಮರದ ತುಂಬ ಗೂಡು ಕಟ್ಟುತ್ತಿದ್ದವು. ಈ ಮುಂಬಯಿಯಲ್ಲಿ ಏನನ್ನೂ ಕೇಳದೆ ತನ್ನ ಬಾಗಿಲಿಗೆ ಬರುವವು ಅವು ಮಾತ್ರ ಎಂದು ಅವಳಿಗೆ ಅವುಗಳ ಮೇಲೆ ಜೀವ.

ಒಣಹಾಕಿದ ಬಟ್ಟೆಯ ಮೇಲೆಲ್ಲ ಹಿಕ್ಕೆ ಬೀಳುತ್ತದೆಂದು ಚಾಳಿನವರು ಮರ ಕಡಿಸಲು ಹೊರಟರು. ಸಾವಿರದ ಒಂಬೈನೂರ ಐವತ್ನಾಲ್ಕರ ಬೇಸಿಗೆಯಲ್ಲಿ ಸೇವಂತಿ ಗಂಡನನ್ನು ಎಳೆದುಕೊಂಡು ವಾರ್ಡ್ ಆಫೀಸಿಗೆ ಹೋಗಿ, ಮಳೆಗೆ ಹಕ್ಕಿಗಳು ಬರುತ್ತವೆ, ಕಡಿಯಬೇಡಿ ಎಂದು ಕೇಳಿಕೊಂಡಳು. ಅಲ್ಲಿದ್ದ ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಅವಳು ಯಾರೆದುರೂ ಹಕ್ಕಿಯ ಸುದ್ದಿ ಎತ್ತಲಿಲ್ಲ. ಮರದ ಬುಡದಲ್ಲಿ ಒಂದು ಕಲ್ಲು ನಿಲ್ಲಿಸಿ ಅರಿಸಿನ ಬಳಿದು, ಇದು ನಾಗನ ಕಲ್ಲು ಎಂದು ಚಾಳಿನವರಿಗೆಲ್ಲ ಹೇಳಿದಳು. ಕರಾವಳಿಯ ಅವಳ ಊರಿನಲ್ಲಿ ನಾಗನ ಕಲ್ಲಿರುವ ಮರಗಳೆಂದರೆ ನಾಗಬನ; ಅಲ್ಲಿ ಒಣಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ.

"ನಾಗನ ಹೆಸರಿನಲ್ಲಿ ಸುಳ್ಳಾ ಮಾರಾಯ್ತಿ?" ಚೆನ್ನಯನ ಮುಖ ಬಿಳಿಚಿಕೊಂಡಿತು.

"ಇಲ್ಲಿ ನಾಗ ಇಲ್ಲ ಅಂತ ನೀವು ಕಂಡದ್ದುಂಟಾ?"

ಕೊಡಲಿಯ ಮಾತು ನಿಂತಿತು. ಆದರೆ ಮಹಡಿಗೆ ಹೊಸದಾಗಿ ಬಂದ ಧಾರವಾಡದ ಕಾಶವ್ವ ದಿನಾ ಹೂವು ಏರಿಸಲು ಬಂದವಳು ಕಲ್ಲಿಗಿಂತ ಹೆಚ್ಚಾಗಿ ಕೊಂಬೆಗಳನ್ನೇ ನೋಡುತ್ತಿದ್ದಳು. ಫೋರ್ಟಿನ ಆಫೀಸಿಗೆ ಹೋಗುವ ಅವಳ ಗಂಡ ನೀಲಕಂಠಪ್ಪ ಒಂದು ದಿನ ಕೊಂಬೆ ಹಿಡಿದು ಜಗ್ಗಿಯೂ ನೋಡಿದ. ಕಟ್ಟಿಗೆ ಮಾರುವ ಹುನ್ನಾರವೇ ಸರಿ ಎಂದು ಸೇವಂತಿ ತೀರ್ಮಾನಿಸಿದಳು. ಅವರ ಮೇಲೆ ಕಣ್ಣಿಟ್ಟಳೇ ಹೊರತು ಬಾಯಿ ಬಿಟ್ಟು ಕೇಳಲಿಲ್ಲ.

ನಾಗರಪಂಚಮಿಯ ಬೆಳಿಗ್ಗೆ ಮಾಟುಂಗಾ ಮಾರ್ಕೆಟಿನಿಂದ ಬಂದು ನೋಡಿದರೆ ಕೆಳಗಿನ ಕೊಂಬೆಗಳೆಲ್ಲ ಬೋಳು. ಹಗ್ಗದ ಜೋಕಾಲಿಗಳಲ್ಲಿ ಇಳಕಲ್ ಸೀರೆಯ ಹೆಂಗಸರು ಜೀಕುತ್ತಿದ್ದರು. ಕೆಸರಿನಲ್ಲಿ ಗೂಡುಗಳು, ಇನ್ನೂ ಪುಕ್ಕ ಬಲಿಯದ ಮರಿಗಳು.

ಕಾಶವ್ವ ಎಳ್ಳುಂಡಿಯ ತಟ್ಟೆ ಹಿಡಿದು ಓಡಿಬಂದಳು. "ಬಾರವ್ವಾ, ಮುಂದಿನ ಜೋಕಾಲಿ ನಿಂದ! ಪಂಚಮಿಗೆ ಜೋಕಾಲಿ ಇಲ್ದ ನಮಗ ಹಬ್ಬನ ಅಲ್ಲ. ನಿನ್ನ ನಾಗಪ್ಪನ ಮ್ಯಾಲ ಹೊಲಸ ಬೀಳತಿತ್ತು, ನಿನಗ ಖುಷಿ ಆಗ್ತದಂತ ಗೂಡನೂ ತಗಿಸೇವಿ."

ಸೇವಂತಿ ಕುಕ್ಕರಿಸಿ ಮರಿಗಳನ್ನು ಸೆರಗಿಗೆ ತುಂಬತೊಡಗಿದಳು. ಬಹುತೇಕ ತಣ್ಣಗಾಗಿದ್ದವು.

"ನನಗೆ ಬೇಕಾದದ್ದು ಹಕ್ಕಿಗಳು ಕಾಶವ್ವಾ. ನಾಗ ಅಲ್ಲ."

ಕಾಶವ್ವ ಉಂಡಿಯ ತಟ್ಟೆ ಕೆಳಗಿಟ್ಟು ಅವಳ ಪಕ್ಕದಲ್ಲೇ ಕೆಸರಿಗೆ ಕೂತಳು. ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಸೆರಗಿನಿಂದ ಅದರ ಕೆಸರು ಒರೆಸಿದಳು.

"ಅಯ್ಯ ಶಿವನ! ಒಂದ ಮಾತ ಹೇಳಿದ್ರ ನಾನೂ ನಿನ್ನ ಜೋಡಿ ಕಾಯತಿದ್ನಲ್ಲ. ಯಾಕ ಹೇಳಲಿಲ್ಲವ್ವಾ?"

ನಿನ್ನನ್ನು ಕಳ್ಳಿ ಅಂದುಕೊಂಡಿದ್ದೆ ಎಂದು ಆ ಮುಖಕ್ಕೆ ಹೇಳಲು ಸೇವಂತಿಗೆ ಬಾಯಿ ಬರಲಿಲ್ಲ.